ಡ್ಯಾನ್ಯೂಬ್ ದಂಡೆಯ ಸೈಕಲ್ ದಾರಿ: ಎಡದಂಡೆಯೋ ಬಲದಂಡೆಯೋ?

ಜರ್ಮನಿಯ ಪಸ್ಸಾವ್ ಊರಿನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿಯ ದಡ ಹಿಡಿದು ಹೋಗುವ ಸೈಕಲ್ ದಾರಿಯ ಬಗ್ಗೆ ಈ ಸಲ ಪತ್ರಗಳು ಹೆಚ್ಚು ಬಂದಿವೆ. ಮಕ್ಕಳು ಮ್ಯೂನಿಕ್‌ನಲ್ಲೋ ಸ್ಟುಟ್‌ಗಾರ್ಟ್‌ನಲ್ಲೋ ಇದ್ದು, ಬೇಸಿಗೆಗೆ ಅಲ್ಲಿಗೆ ಹೋಗುವ ಹಿರಿಯರ ಪತ್ರಗಳೇ ಬಹುಪಾಲು. ಒಂದೇ ವಿಷಯದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ಈ ದಾರಿಯಲ್ಲಿ ಕಾರು, ಲಾರಿ ಇಲ್ಲವೇ ಇಲ್ಲ, ಏರು ಕೂಡ ಇಲ್ಲ ಎನ್ನುತ್ತಾರೆ. ನಂಬಬಹುದೇ? (ದಂಪತಿ, ಬೆಂಗಳೂರು)

ಏರಿನ ಮಾತು ನಂಬಬಹುದು. ಪಸ್ಸಾವ್ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿದೆ, ವಿಯೆನ್ನಾ ಸುಮಾರು 160. ನಡುವೆ ಸುಮಾರು 330 ಕಿ.ಮೀ. ಅಂದರೆ ಕಿಲೋಮೀಟರಿಗೆ ಅರ್ಧ ಮೀಟರೂ ಇಳಿಯುವುದಿಲ್ಲ. ಹೀಗಾಗಿ ವಿಯೆನ್ನಾ ಕಡೆಗೆ ಇಳಿಜಾರು ಸಿಗುತ್ತದೆ ಎಂದು ಎಣಿಸಬೇಡಿ, ಅದು ಗೊತ್ತೇ ಆಗದು. ದಾರಿ ಇಷ್ಟು ಮಟ್ಟಸವಾಗಿರಲು ಕಾರಣ ಕುದುರೆಗಳು. ಉಗಿಹಡಗು ಬರುವ ಮುನ್ನ ಸರಕಿನ ದೋಣಿಗಳನ್ನು ಹೊಳೆಯ ಎದುರಿಗೆ ಹಗ್ಗ ಕಟ್ಟಿ ಕುದುರೆಗಳಿಂದ ಎಳೆಸುತ್ತಿದ್ದರು. ಆ ಕುದುರೆಗಳಿಗಾಗಿ ನೀರಿನ ಅಂಚಿನಲ್ಲೇ ಮಾಡಿದ ಹಾದಿ ಇವತ್ತು ಬಹಳ ಕಡೆ ಡಾಂಬರು ಹಾಕಿದ ಸೈಕಲ್ ದಾರಿಯಾಗಿದೆ. 20ನೇ ಶತಮಾನದಲ್ಲಿ ಕಟ್ಟಿದ ಜಲವಿದ್ಯುತ್ ಅಣೆಕಟ್ಟುಗಳ ಏರಿಗಳೂ ಅದಕ್ಕೆ ಸೇರಿಕೊಂಡಿವೆ.

ವಾಹನದ ಮಾತನ್ನು ಅರ್ಧ ಮಾತ್ರ ನಂಬಿ. ಬಹುಪಾಲು ದಾರಿ ವಾಹನಮುಕ್ತ, ಕೆಲವು ಕಡೆ ರೈತರ ಟ್ರ್ಯಾಕ್ಟರ್ ಮತ್ತು ಊರಿನವರ ಕಾರಷ್ಟೇ ಬರುವ ಹಳ್ಳಿರಸ್ತೆ, ಇನ್ನು ಕೆಲವು ಕಡೆ ಹೆದ್ದಾರಿಯ ಪಕ್ಕಕ್ಕೇ ಅಂಟಿಕೊಂಡ ಪ್ರತ್ಯೇಕ ಪಟ್ಟಿ. ಕೊನೆಯದರಲ್ಲಿ ಅಪಾಯ ಕಡಿಮೆ, ಸದ್ದು ಜಾಸ್ತಿ. ಯಾವುದು ನಿಮ್ಮ ಪಾಲಿಗೆ ಬರುತ್ತದೆ ಎಂಬುದು ನೀವು ಯಾವ ದಂಡೆಯಲ್ಲಿದ್ದೀರಿ ಎಂಬುದರ ಮೇಲೆ ನಿಂತಿದೆ.

ಪ್ರಶ್ನೆ: ಎರಡೂ ದಂಡೆಯಲ್ಲಿ ದಾರಿ ಇದೆಯಂತೆ. ಎಲ್ಲಿ ಯಾವುದನ್ನು ಹಿಡಿಯಬೇಕು? ದಿನಕ್ಕೆ ಎಷ್ಟು ದೂರ? (ನಿವೃತ್ತ ಎಂಜಿನಿಯರ್, ಮೈಸೂರು)

ಇಡೀ ಪ್ರವಾಸದ ಕೀಲಿ ಇರುವುದು ಇಲ್ಲೇ, ಹಾಗಾಗಿ ಉತ್ತರ ಉದ್ದವಾಗುತ್ತದೆ. ನಮ್ಮ ನಾಲೆಗಳ ಲೆಕ್ಕದಲ್ಲೇ ಹೇಳುತ್ತೇವೆ: ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ನಿಂತರೆ ಎಡಕ್ಕಿರುವುದು ಎಡದಂಡೆ, ಬಲಕ್ಕಿರುವುದು ಬಲದಂಡೆ. ಡ್ಯಾನ್ಯೂಬ್ ಇಲ್ಲಿ ಪೂರ್ವಕ್ಕೆ ಹರಿಯುವುದರಿಂದ ಎಡದಂಡೆ ಎಂದರೆ ಉತ್ತರ, ಬಲದಂಡೆ ಎಂದರೆ ದಕ್ಷಿಣ. ಆಸ್ಟ್ರಿಯಾದಲ್ಲಿ ಇದು 1ನೇ ನಂಬರಿನ ಸೈಕಲ್ ಮಾರ್ಗ, ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಹೋಗುವ ಯೂರೋವೆಲೋ 6ರ ಒಂದು ತುಂಡು. ಎರಡೂ ದಂಡೆಯಲ್ಲಿ ಫಲಕಗಳಿರುತ್ತವೆ. ಬರೀ ಫಲಕ ನಂಬಿ ಹೊರಟರೆ ದಾರಿ ತಪ್ಪುವುದಿಲ್ಲ ನಿಜ, ಆದರೆ ಚೆನ್ನಾಗಿರುವ ದಂಡೆ ತಪ್ಪಿಹೋಗುತ್ತದೆ.

ಪಸ್ಸಾವ್‌ನಿಂದ ಎಡದಂಡೆಯಲ್ಲಿ ಹೊರಡಿ. ಓಬರ್ನ್‌ಝೆಲ್‌ವರೆಗೆ ಪಕ್ಕದಲ್ಲಿ ರಸ್ತೆ ಇರುತ್ತದೆ, ಸಹಿಸಿಕೊಳ್ಳಿ. ಯೋಖನ್‌ಸ್ಟೈನ್ ಅಣೆಕಟ್ಟು ದಾಟಿದ ಮೇಲೆ ನೀಡರ್‌ರಾನ್ನಾವರೆಗೆ ಕಾರೇ ಇಲ್ಲದ ದಾರಿ, ಒಂದು ಕಡೆ ಕಾಡು ತುಂಬಿದ ಗುಡ್ಡ, ಇನ್ನೊಂದು ಕಡೆ ನೀರು. ಇದೇ ತುಂಡಿನಲ್ಲಿ ಬಲದಂಡೆಯವರು ಹೆದ್ದಾರಿಯ ಪಕ್ಕದಲ್ಲಿರುತ್ತಾರೆ. ಮುಂದೆ ಆವ್ ಎಂಬಲ್ಲಿ ದೋಣಿ ಹತ್ತಿ ಬಲದಂಡೆಯ ಶ್ಲೋಗನ್‌ಗೆ ಬನ್ನಿ. ಇಲ್ಲಿ ನದಿ ಬಂಡೆಗೆ ತಾಗಿ ತಿರುಗಿ ಪೂರ್ತಿ ಹಿಂದಕ್ಕೆ ಬಾಗುತ್ತದೆ. ಬಾಗಿನ ಒಳಗೆ ಎಡದಂಡೆಯಲ್ಲಿ ಸೈಕಲ್ ದಾರಿ ತುಂಡಾಗುವುದರಿಂದ ದೋಣಿ ಬೇಕೇ ಬೇಕು. ಮೊದಲ ದಿನಕ್ಕೆ ಇಷ್ಟು ಸಾಕು, ಸುಮಾರು 42 ಕಿ.ಮೀ. ಸಂಜೆ ಸೈಕಲ್ ಬೀಗ ಹಾಕಿಟ್ಟು ಅರ್ಧ ಗಂಟೆ ಗುಡ್ಡ ಹತ್ತಿದರೆ ನದಿಯ ಬಾಗು ಇಡಿಯಾಗಿ ಕಾಣುವ ಕಟ್ಟೆ ಸಿಗುತ್ತದೆ. ಇಡೀ ದಾರಿಯಲ್ಲಿ ಕಾಲುನಡಿಗೆಯ ಏರು ಹತ್ತಲೇಬೇಕಾದದ್ದು ಇದೊಂದಕ್ಕೆ.

ಶ್ಲೋಗನ್‌ನಿಂದ ಆಶಾಖ್‌ವರೆಗೆ ಬಲದಂಡೆ, ನಿಶ್ಶಬ್ದ. ಆಮೇಲೆ ಕಣಿವೆ ಬಿಚ್ಚಿಕೊಂಡು ಬಯಲು ಬರುತ್ತದೆ. ಒಟ್ಟೆನ್ಸ್‌ಹೈಮ್ ಮತ್ತು ಲಿಂಜ್ ನಡುವಿನ ಕೊನೆಯ ಎಂಟೊಂಬತ್ತು ಕಿಲೋಮೀಟರ್ ಎರಡೂ ದಂಡೆಯಲ್ಲಿ ವಾಹನದ ಗದ್ದಲವೇ. ಅದಕ್ಕೆ ಮದ್ದಿಲ್ಲ, ಸುಮ್ಮನೆ ತುಳಿದು ಮುಗಿಸಿ. ಎರಡನೇ ದಿನ ಸುಮಾರು 55 ಕಿ.ಮೀ.

ಲಿಂಜ್‌ನಿಂದ ಮೌಟ್‌ಹೌಸನ್‌ವರೆಗೆ ಎಡದಂಡೆ. ಅಲ್ಲಿಂದ ಗ್ರೈನ್‌ವರೆಗೆ ಎಡದಂಡೆಯ ದಾರಿ ನದಿ ಬಿಟ್ಟು ಹೊಲಗಳ ನಡುವೆ ಸುತ್ತುತ್ತದೆ. ಮರವಿಲ್ಲ, ಬಿಸಿಲು ಜಾಸ್ತಿ. ದಿನದ ದೂರ ಸುಮಾರು 62 ಕಿ.ಮೀ. ಆದದ್ದರಿಂದ ಈ ದಿನ ಬೇಗ ಹೊರಡಿ. ಗ್ರೈನ್‌ನಲ್ಲಿ ಮತ್ತೆ ದೋಣಿ ಹಿಡಿದು ಬಲದಂಡೆಗೆ ದಾಟಿ. ಗ್ರೈನ್‌ನಿಂದ ಇಬ್ಸ್‌ವರೆಗಿನ ಇಕ್ಕಟ್ಟು ಕಣಿವೆಯಲ್ಲಿ ಹೆದ್ದಾರಿ ಎಡಕ್ಕಿದೆ, ನೆಮ್ಮದಿ ಬಲಕ್ಕಿದೆ. ಮೆಲ್ಕ್‌ವರೆಗೆ ಸುಮಾರು 50 ಕಿ.ಮೀ.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನದು ವಾಖಾವ್ ಕಣಿವೆ, 36 ಕಿ.ಮೀ. ಆಸುಪಾಸು. 2000ದಿಂದ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಹೆಚ್ಚಿನವರು ಇಲ್ಲಿ ಎಡದಂಡೆ ಹಿಡಿಯುತ್ತಾರೆ, ಹೆಸರುವಾಸಿ ಊರುಗಳೆಲ್ಲ ಆ ಕಡೆ ಇರುವುದರಿಂದ. ಜನಸಂದಣಿಯೂ ಅಲ್ಲೇ, ಈ ದಾರಿಯ ಸಣ್ಣಪುಟ್ಟ ಏರಿಳಿತಗಳೂ ಅಲ್ಲೇ. ನಮ್ಮ ಸಲಹೆ ಬೇರೆ: ಮೆಲ್ಕ್ ಹೇಗೂ ಬಲದಂಡೆಯಲ್ಲಿದೆ, ಅಲ್ಲೇ ಮುಂದುವರಿದು ಏಪ್ರಿಕಾಟ್ ತೋಟಗಳ ನಡುವೆ ಆರ್ನ್ಸ್‌ಡಾರ್ಫ್‌ವರೆಗೆ ಹೋಗಿ, ಅಲ್ಲಿ ದೋಣಿ ಹಿಡಿದು ಸ್ಪಿಟ್ಸ್‌ಗೆ ದಾಟಿ, ಉಳಿದ ಅರ್ಧವನ್ನು ಎಡದಂಡೆಯ ದ್ರಾಕ್ಷಿತೋಟಗಳಲ್ಲಿ ಮಾಡಿ. ಆ ದೋಣಿಗೆ ಎಂಜಿನ್ ಇಲ್ಲ. ನದಿಗೆ ಅಡ್ಡಲಾಗಿ ಬಿಗಿದ ತಂತಿಗೆ ದೋಣಿಯನ್ನು ಕಟ್ಟಿರುತ್ತಾರೆ. ದೋಣಿಯನ್ನು ಪ್ರವಾಹಕ್ಕೆ ಓರೆಯಾಗಿ ತಿರುಗಿಸಿದಾಗ ನೀರಿನ ಒತ್ತಡವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ವಾಖಾವ್‌ನಲ್ಲಿ ಅಣೆಕಟ್ಟು ಇಲ್ಲದೆ ನದಿ ಹರಿಯುವುದರಿಂದಲೇ ಇದು ಸಾಧ್ಯ.

ಕ್ರೆಮ್ಸ್ ದಾಟಿ ಬಲದಂಡೆಗೆ ಬಂದು ಟ್ರೈಸ್‌ಮೌವರ್, ಟುಲ್ನ್, ಕ್ಲೋಸ್ಟರ್‌ನೊಯ್‌ಬುರ್ಗ್ ಮಾರ್ಗವಾಗಿ ವಿಯೆನ್ನಾ. ಟುಲ್ನ್‌ವರೆಗೆ ಸುಮಾರು 45 ಕಿ.ಮೀ., ಅಲ್ಲಿಂದ 38ರಷ್ಟು. ಇಷ್ಟಕ್ಕೆ ಏಳು ದಿನ. ನಾಲ್ಕೈದು ದಿನದಲ್ಲಿ ಮುಗಿಸುವವರಿದ್ದಾರೆ. ಅವರಿಗೆ ನದಿ ಕಾಣುತ್ತದೆ, ಊರು ಕಾಣುವುದಿಲ್ಲ.

ಎಡವಟ್ಟಾಗುವುದು ದೋಣಿಯಲ್ಲೇ. ಸೈಕಲ್ ದೋಣಿಗಳು ಹೆಚ್ಚಾಗಿ ಮೇಯಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಓಡುತ್ತವೆ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಕಡಿಮೆ ಹೊತ್ತು. ಸಂಜೆ ಬೇಗ ನಿಲ್ಲುವವೂ ಇವೆ. ನೀರು ತೀರಾ ಏರಿದರೂ ಓಡಿಸುವುದಿಲ್ಲ. ದೋಣಿ ತಪ್ಪಿದರೆ ಹತ್ತಿರದ ಸೇತುವೆಗೋ ಅಣೆಕಟ್ಟಿಗೋ ಹತ್ತಾರು ಕಿಲೋಮೀಟರ್ ಸುತ್ತಬೇಕಾಗಬಹುದು. ಹಿಂದಿನ ರಾತ್ರಿ ತಂಗುವ ಮನೆಯವರನ್ನೇ ಕೇಳಿಬಿಡಿ, ಅಂತರ್ಜಾಲಕ್ಕಿಂತ ಅವರಿಗೇ ಚೆನ್ನಾಗಿ ಗೊತ್ತು. ದೋಣಿಗೆ ಚಿಲ್ಲರೆ ಯೂರೋ ಇಟ್ಟುಕೊಳ್ಳಿ. ಅಣೆಕಟ್ಟುಗಳ ಮೇಲೆ ಬಹುತೇಕ ಕಡೆ ಸೈಕಲ್ ದಾಟಿಸಬಹುದು, ಕೆಲವು ಕಡೆ ಇಳಿದು ತಳ್ಳಬೇಕು.

ಪ್ರಶ್ನೆ: ನನಗೆ 64 ವರ್ಷ. ಹಳ್ಳಿಯಲ್ಲಿ ಸೈಕಲ್ ಹೊಡೆದ ಅಭ್ಯಾಸವಿದೆ, ಗೇರ್ ಸೈಕಲ್ ಮುಟ್ಟಿಲ್ಲ. ಒಂದು ಗಂಟೆ ಕೂತರೆ ಕೂರುವ ಜಾಗ ಉರಿಯುತ್ತದೆ, ಮಂಡಿ ನೋಯುತ್ತದೆ. ಇದು ನನ್ನಂಥವರಿಗೆ ಆಗುವ ಮಾತೇ? (ನಿವೃತ್ತ ಶಿಕ್ಷಕಿ, ದಾವಣಗೆರೆ)

ಆಗುತ್ತದೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ಮಾತ್ರ ಮೊದಲು ವೈದ್ಯರಲ್ಲಿ ಮಾತಾಡಿ. ಉರಿ ಮತ್ತು ಮಂಡಿನೋವು ವಯಸ್ಸಿನಿಂದ ಬಂದವಲ್ಲ ಅನ್ನಿಸುತ್ತದೆ. ಸೀಟಿನಿಂದ ಬಂದಿರುವ ಸಂಭವವೇ ಹೆಚ್ಚು.

ಮಂಡಿಯ ಮುಂಭಾಗ ನೋಯುವುದಕ್ಕೆ ಸಾಮಾನ್ಯ ಕಾರಣ ಸೀಟು ತಗ್ಗಾಗಿರುವುದು. ನಿಂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲಿ ಎಂದು ನಾವು ಸೀಟು ಇಳಿಸಿಕೊಳ್ಳುತ್ತೇವೆ, ಮಂಡಿ ಪ್ರತಿ ಸುತ್ತಿಗೂ ಅತಿಯಾಗಿ ಮಡಚುತ್ತದೆ. ಸರಿಯಾದ ಎತ್ತರ ನೋಡುವ ಕ್ರಮ ಹೀಗೆ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲನ್ನು ಪೂರ್ತಿ ಕೆಳಕ್ಕೆ ತಂದು ಅದರ ಮೇಲೆ ಹಿಮ್ಮಡಿ ಇಡಿ. ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದರೆ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಈ ಎತ್ತರದಲ್ಲಿ ಕೂತಾಗ ಕಾಲ್ಬೆರಳಷ್ಟೇ ನೆಲಕ್ಕೆ ತಾಗುತ್ತದೆ. ಹಾಗಾಗಿ ನಿಲ್ಲುವಾಗ ಸೀಟಿನಿಂದ ಮುಂದಕ್ಕೆ ಇಳಿಯುವುದನ್ನು ರೂಢಿ ಮಾಡಿಕೊಳ್ಳಿ. ನಡುವೆ ಅಡ್ಡಕಂಬಿ ಇಲ್ಲದ ಸೈಕಲ್ ಬೇಕೆಂದು ಬುಕ್ ಮಾಡುವಾಗಲೇ ಹೇಳಿ. ಅಲ್ಲಿ ಗಂಡಸರೂ ಅದನ್ನೇ ಕೇಳಿ ಪಡೆಯುತ್ತಾರೆ.

ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ಮೈಭಾರ ಜಾರಿ ಕೈಗೆ ಬಂದು ಬೆರಳು ಜೋಮು ಹಿಡಿಯುತ್ತದೆ. ಮೇಲಕ್ಕೆದ್ದಿದ್ದರೆ ಒತ್ತುತ್ತದೆ. ನೆಲಕ್ಕೆ ಸಮವಾಗಿಡಿ. ಮೆತ್ತಗಿನ ಅಗಲ ಸೀಟು ಹತ್ತು ನಿಮಿಷಕ್ಕೆ ಹಿತ, ಎರಡು ಗಂಟೆಗೆ ಶತ್ರು. ಮೂಳೆ ಅದರೊಳಗೆ ಹೂತು, ಅಂಚು ತೊಡೆಯನ್ನು ಉಜ್ಜುತ್ತದೆ. ಒಳಗೆ ದಪ್ಪ ಬಟ್ಟೆ ಹೊಲಿದಿರುವ ಸೈಕಲ್ ಚಡ್ಡಿ ಎರಡು ಕೊಳ್ಳಿ. ಅದರ ಒಳಗೆ ಬೇರೆ ಒಳಉಡುಪು ತೊಡಬಾರದು, ಹೊಲಿಗೆಯ ಗೆರೆಗಳೇ ಚರ್ಮ ಕೆರೆಯುವುದು. ಮೇಲೆ ಸಡಿಲ ಪ್ಯಾಂಟು ಹಾಕಿಕೊಂಡರೆ ಮುಜುಗರವಿಲ್ಲ. ಪ್ರತಿ ಸಂಜೆ ಒಗೆದು ಒಣಗಿಸಿ. ದುಪಟ್ಟಾ ಬೇಡ, ಪ್ಯಾಂಟಿನ ಬಲಗಾಲಿಗೆ ರಬ್ಬರ್ ಪಟ್ಟಿ ಇರಲಿ, ಚೈನು ಆ ಕಡೆಯೇ ಇರುವುದು.

ಬಾಡಿಗೆಗೆ ಸಿಗುವ ಸೈಕಲ್‌ಗಳಲ್ಲಿ ಎರಡು ಬಗೆಯ ಗೇರು. ಹಿಂಬದಿ ಚಕ್ರದ ಹಬ್‌ನೊಳಗೆ ಅಡಗಿರುವ 7 ಅಥವಾ 8 ಗೇರಿನದಾದರೆ, ಗೇರ್ ಬದಲಿಸುವಾಗ ಒಂದು ಕ್ಷಣ ತುಳಿಯುವುದನ್ನು ನಿಲ್ಲಿಸಬೇಕು. ನಿಂತಲ್ಲೂ ಬದಲಿಸಬಹುದು. ಚೈನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಹಾರುವ ಬಗೆಯದಾದರೆ ತುಳಿಯುತ್ತಲೇ, ಹಗುರಾಗಿ ತುಳಿಯುತ್ತಲೇ ಬದಲಿಸಬೇಕು. ನಿಮಗೆ ಮೊದಲನೆಯದೇ ಒಳ್ಳೆಯದು. ಒಂದು ಎಚ್ಚರಿಕೆ: ಇವುಗಳಲ್ಲಿ ಹಲವಕ್ಕೆ ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕು ಬೀಳುತ್ತದೆ. ನಮ್ಮಲ್ಲಿ ಪೆಡಲನ್ನು ಹಿಂದಕ್ಕೆ ಸುಮ್ಮನೆ ತಿರುಗಿಸುವ ಚಾಳಿ ಇದೆ. ಅಲ್ಲಿ ಹಾಗೆ ಮಾಡಿದರೆ ಸೈಕಲ್ ಗಕ್ಕನೆ ನಿಲ್ಲುತ್ತದೆ. ಸೈಕಲ್ ಕೊಡುವಾಗ ಕೇಳಿ, ಅಂಗಡಿಯ ಮುಂದೆಯೇ ನಾಲ್ಕು ಸುತ್ತು ಹೊಡೆದು ನೋಡಿ.

ಭಾರದ ಗೇರಿನಲ್ಲಿ ನಿಧಾನ ತುಳಿಯುವುದಕ್ಕಿಂತ ಹಗುರ ಗೇರಿನಲ್ಲಿ ನಿಮಿಷಕ್ಕೆ 70 ಸುತ್ತಿನಷ್ಟು ತುಳಿದರೆ ಮಂಡಿಗೆ ಸುಖ. ಗಂಟೆಗೆ 12ರಿಂದ 15 ಕಿ.ಮೀ. ವೇಗ ಸಾಕು. ಬ್ಯಾಟರಿ ಸೈಕಲ್ ಬೇಕೇ ಎಂದರೆ, ನೆಲ ಮಟ್ಟಸ ಇರುವುದರಿಂದ ಅಗತ್ಯವಿಲ್ಲ. ಎದುರುಗಾಳಿಯ ದಿನ ಅದು ವರ. ಆದರೆ 25 ಕೆ.ಜಿ. ಹತ್ತಿರದ ಸೈಕಲನ್ನು ರೈಲಿಗೆ ಎತ್ತಿ ಹತ್ತಿಸುವವರು ಯಾರು ಎಂದು ಯೋಚಿಸಿ.

ಹೊರಡುವ ಎರಡು ತಿಂಗಳ ಮುಂಚೆ ವಾರಕ್ಕೆ ಮೂರು ದಿನ ಬೆಳಗ್ಗೆ ತುಳಿಯಿರಿ. ಒಂದು ಗಂಟೆಯಿಂದ ಶುರು ಮಾಡಿ ಮೂರು ಗಂಟೆಗೆ ಏರಿಸಿ. ಕೊನೆಯ ಎರಡು ವಾರ ಕ್ಯಾರಿಯರ್ ಮೇಲೆ 8 ಕೆ.ಜಿ. ಕಟ್ಟಿಕೊಂಡು ತುಳಿಯಿರಿ. ಎರಡು ದಿನ ಬೆನ್ನಿಗೆ ಬೆನ್ನಿಗೆ ಹೋಗಿ ನೋಡುವುದು ಮುಖ್ಯ, ಏಕೆಂದರೆ ಉರಿ ಗೊತ್ತಾಗುವುದು ಎರಡನೇ ದಿನ ಬೆಳಗ್ಗೆ ಸೀಟಿನ ಮೇಲೆ ಕೂತಾಗ.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ವಿಯೆನ್ನಾದಿಂದ ಪಸ್ಸಾವ್ ಕಡೆಗೆ ಬರಬಾರದೇ? (ಹುಬ್ಬಳ್ಳಿ)

ಬರಬಹುದು, ಆದರೆ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುತ್ತದೆ. ಎಲ್ಲರೂ ಪಸ್ಸಾವ್‌ನಿಂದ ಪೂರ್ವಕ್ಕೆ ಹೊರಡುವುದು ಇದಕ್ಕೇ. ಪೂರ್ವದ ಗಾಳಿ ಬೀಸುವ ದಿನಗಳೂ ಇವೆ. ಅಂಥ ದಿನ ಕ್ರೆಮ್ಸ್ ಆಚೆಯ ಬಯಲಿನಲ್ಲಿ ಮರೆಯೇ ಇಲ್ಲ, 45 ಕಿ.ಮೀ. ಎಪ್ಪತ್ತರಷ್ಟು ಅನ್ನಿಸುತ್ತದೆ. ಬೆಳಗ್ಗೆ ಗಾಳಿ ಕಡಿಮೆ, ಆಗಲೇ ಹೊರಡಿ. ಗುಂಪಿನಲ್ಲಿದ್ದರೆ ಬಲವಿರುವವರು ಮುಂದೆ, ಉಳಿದವರು ಅವರ ಹಿಂದೆ ಸಾಲಾಗಿ.

ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್ ಮೊದಲೆರಡು ವಾರ. ಜುಲೈ ಆಗಸ್ಟ್‌ನಲ್ಲಿ 30 ಡಿಗ್ರಿ ದಾಟುವುದುಂಟು, ಕೋಣೆಗಳೂ ಸಿಗುವುದು ಕಷ್ಟ. ಏಪ್ರಿಕಾಟ್ ತಿನ್ನಬೇಕೆನ್ನುವವರು ಮಾತ್ರ ಜುಲೈ ನಡುವೆ ವಾಖಾವ್‌ನಲ್ಲಿರಿ. ಜೋರು ಮಳೆಯಾದ ವಾರ ನದಿಯ ಮಟ್ಟ ನೋಡಿಯೇ ಹೊರಡಬೇಕು, ದಾರಿ ನೀರಿನ ಅಂಚಿನಲ್ಲೇ ಇರುವುದರಿಂದ ಮೊದಲು ಮುಳುಗುವುದು ಅದೇ. 2013ರ ಜೂನ್‌ನಲ್ಲಿ ಪಸ್ಸಾವ್‌ನಲ್ಲಿ ನೀರು 12.89 ಮೀಟರ್‌ಗೆ ಏರಿತ್ತು, 1501ರ ನಂತರದ ಅತಿ ದೊಡ್ಡ ನೆರೆ ಅದು. ಊರಿನ ಹಳೆಯ ಪುರಭವನದ ಗೋಡೆಯ ಮೇಲೆ ನೆರೆಗಳ ಗುರುತು ಹಾಕಿದ್ದಾರೆ, ತಲೆ ಎತ್ತಿ ನೋಡಬೇಕಾಗುತ್ತದೆ.

ಪ್ರಶ್ನೆ: ನಡುದಾರಿಯಲ್ಲಿ ಪಂಕ್ಚರ್ ಆದರೆ? ಅಲ್ಲಿನ ಟ್ಯೂಬಿನ ವಾಲ್ವ್ ಬೇರೆ ಥರ ಎಂದು ಕೇಳಿದ್ದೇನೆ. (ಸೈಕಲ್ ಶಾಪ್ ಇಟ್ಟುಕೊಂಡವರು, ಶಿವಮೊಗ್ಗ)

ನಿಮಗೆ ಅರ್ಧ ಕೆಲಸ ಬರುತ್ತದೆ. ಮೂರು ಬಗೆಯ ವಾಲ್ವ್ ಸಿಗುತ್ತವೆ: ನಮ್ಮ ಹಳೆಯ ಸೈಕಲ್‌ಗಳಲ್ಲಿ ಇರುವ ಡನ್ಲಪ್, ಕಾರಿನ ಟೈರಿನಂಥ ಶ್ರಾಡರ್, ಸಪೂರವಾಗಿ ತುದಿಯಲ್ಲಿ ಪುಟ್ಟ ತಿರುಪಿರುವ ಪ್ರೆಸ್ಟಾ. ಪ್ರೆಸ್ಟಾಕ್ಕೆ ಗಾಳಿ ಹಾಕುವ ಮುನ್ನ ಆ ತಿರುಪು ಸಡಿಲಿಸಿ ಒಮ್ಮೆ ಒತ್ತಬೇಕು. ಅದು ಗೊತ್ತಿಲ್ಲದೆ ಪಂಪೇ ಕೆಟ್ಟಿದೆ ಎಂದುಕೊಳ್ಳುವವರು ಬಹಳ. ಅಲ್ಲಿನ ಪಂಪಿನ ಬಾಯಿ ಡನ್ಲಪ್‌ಗೂ ಪ್ರೆಸ್ಟಾಕ್ಕೂ ಒಂದೇ.

ಹಬ್ ಗೇರಿನ ಹಿಂಚಕ್ರ ಬಿಚ್ಚುವುದು ತಲೆನೋವು, ಗೇರಿನ ಕೇಬಲ್ಲು, ಬ್ರೇಕಿನ ತೋಳು ಎಲ್ಲ ಕಳಚಬೇಕು. ಬಿಚ್ಚಬೇಡಿ. ನಮ್ಮ ಬೀದಿಬದಿಯ ಅಂಗಡಿಗಳಲ್ಲಿ ಮಾಡುವ ಹಾಗೆ ಚಕ್ರ ಇದ್ದಲ್ಲೇ ಟೈರಿನ ಒಂದು ಬದಿ ಎಬ್ಬಿಸಿ, ಟ್ಯೂಬು ಹೊರಗೆಳೆದು, ತೂತು ಹುಡುಕಿ. ನೀರಿಗೆ ನದಿಯೇ ಪಕ್ಕದಲ್ಲಿದೆ. ಮರಳುಕಾಗದದಿಂದ ಉಜ್ಜಿ, ಸಲ್ಯೂಷನ್ ತೆಳುವಾಗಿ ಬಳಿದು ಐದು ನಿಮಿಷ ಪೂರ್ತಿ ಆರಲು ಬಿಡಿ, ಹಸಿಯಿದ್ದಾಗ ಅಂಟಿಸಿದ ತೇಪೆ ಸಂಜೆಗೆ ಬಿಡುತ್ತದೆ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳು, ಗಾಜಿನ ಚೂರು ತೆಗೆಯದಿದ್ದರೆ ಹತ್ತೇ ನಿಮಿಷದಲ್ಲಿ ಮತ್ತೆ ಅದೇ ಗತಿ. ಅಕ್ಕಪಕ್ಕ ಎರಡು ತೂತು ಕಂಡರೆ ಮುಳ್ಳಲ್ಲ, ಗಾಳಿ ಕಡಿಮೆಯಾಗಿ ರಿಮ್ಮಿನ ಅಂಚು ಕಚ್ಚಿದ್ದು. 40 ಮಿ.ಮೀ. ಅಗಲದ ಟೈರಿಗೆ 50ರಿಂದ 65 ಪಿಎಸ್‌ಐ ಇರಲಿ, ಸಾಮಾನು ಹೊತ್ತ ಹಿಂಚಕ್ರಕ್ಕೆ 65ರ ಹತ್ತಿರ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಏಳು ದಿನ ಊಟಕ್ಕೇನು? (ಉಡುಪಿ)

ಕಷ್ಟವಿದೆ, ಆದರೆ ಉಪವಾಸ ಬೀಳುವುದಿಲ್ಲ. ತರಕಾರಿ ಸೂಪು ಎಂದು ಬರೆದಿದ್ದರೂ ಕೆಳಗಿನ ರಸ ಬಹಳ ಸಲ ದನದ ಎಲುಬಿನದು, ಕೇಳದೆ ಕುಡಿಯಬೇಡಿ. ಚೀಸ್ ಹಾಕಿದ ಷ್ಪೆಟ್ಸ್‌ಲೆ ಎಂಬ ಹಿಟ್ಟಿನ ತಿನಿಸು ಮಾಂಸವಿಲ್ಲದ್ದು, ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ. ಕೈಸರ್‌ಶ್ಮಾರನ್ ಎಂಬ ಸಿಹಿ ದೋಸೆಯ ತುಂಡುಗಳೂ ಮೊಟ್ಟೆಯವೇ. ಹೇಳಬೇಕಾದ್ದು ಮೂರು ಮಾತು: ‘ಓನೆ ಫ್ಲೈಶ್’ ಮಾಂಸವಿಲ್ಲದೆ, ‘ಓನೆ ಫಿಶ್’ ಮೀನಿಲ್ಲದೆ, ‘ಓನೆ ಐ’ ಮೊಟ್ಟೆಯಿಲ್ಲದೆ. ಲಿಂಜ್, ಕ್ರೆಮ್ಸ್‌ನಂಥ ಊರುಗಳಲ್ಲಿ ಇಟಾಲಿಯನ್, ಏಷ್ಯನ್ ಹೋಟೆಲುಗಳಿವೆ. ಉಳಿದೆಡೆ ಅಡುಗೆಮನೆ ಇರುವ ಕೋಣೆ ಹಿಡಿದರೆ ಅನ್ನ, ಮೊಸರು, ಆಲೂಗಡ್ಡೆಗೆ ಕೊರತೆಯಿಲ್ಲ.

ಅವಲಕ್ಕಿ, ಚಟ್ನಿಪುಡಿ, ಹುರಿದ ರವೆ ಒಯ್ಯಿರಿ. ತುಪ್ಪ, ಧಾರವಾಡ ಪೇಡಾ ಒಯ್ಯಬೇಡಿ, ಹಾಲು ಮತ್ತು ಮಾಂಸದ ಪದಾರ್ಥಗಳನ್ನು ಭಾರತದಿಂದ ಯುರೋಪಿಯನ್ ಒಕ್ಕೂಟಕ್ಕೆ ಚೀಲದಲ್ಲಿ ತರುವಂತಿಲ್ಲ.

ಇದಕ್ಕಿಂತ ಮುಖ್ಯವಾದದ್ದು ಭಾನುವಾರ. ಆಸ್ಟ್ರಿಯಾದಲ್ಲಿ ಶನಿವಾರ ಸಂಜೆ 6ಕ್ಕೆ ಸೂಪರ್ ಮಾರ್ಕೆಟ್ ಮುಚ್ಚಿದರೆ ಮತ್ತೆ ತೆರೆಯುವುದು ಸೋಮವಾರ, ದೊಡ್ಡ ರೈಲು ನಿಲ್ದಾಣಗಳ ಅಂಗಡಿ ಬಿಟ್ಟರೆ. ಆಗಸ್ಟ್ 15 ಅಲ್ಲಿಯೂ ರಜೆಯೇ, ಕಾರಣ ಮಾತ್ರ ಮೇರಿ ಮಾತೆಯ ಹಬ್ಬ. ನಲ್ಲಿಯ ನೀರು ಕುಡಿಯಲು ಯೋಗ್ಯ. ‘ಕೈನ್ ಟ್ರಿಂಕ್‌ವಾಸರ್’ ಎಂದು ಬರೆದ ಕಡೆ ಕುಡಿಯಬೇಡಿ.

ಪ್ರಶ್ನೆ: ಚರಿತ್ರೆಯ ಜಾಗಗಳಲ್ಲಿ ಯಾವುದನ್ನು ನೋಡಲೇಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತದೆ? (ಇತಿಹಾಸ ಉಪನ್ಯಾಸಕರು, ವಿಜಯಪುರ)

ಇಲ್ಲಿಯೂ ದಂಡೆಯ ಲೆಕ್ಕ ನೆರವಿಗೆ ಬರುತ್ತದೆ. ರೋಮನ್ ಸಾಮ್ರಾಜ್ಯದ ಉತ್ತರದ ಗಡಿ ಈ ನದಿಯೇ ಆಗಿತ್ತು. ಅವರ ಕೋಟೆಗಳೆಲ್ಲ ಸಾಲಾಗಿ ಬಲದಂಡೆಯಲ್ಲಿವೆ. ಓಬರ್‌ರಾನ್ನಾದ ಸಣ್ಣ ಕೋಟೆಯ ಅಡಿಪಾಯ, ಮೌಟರ್ನ್‌ನ ಗೋಡೆ, ಟ್ರೈಸ್‌ಮೌವರ್‌ನ ಊರಬಾಗಿಲು, ಟುಲ್ನ್‌ನಲ್ಲಿ ನದಿಗೆ ಮುಖ ಮಾಡಿ ಇಂದಿಗೂ ಇಡಿಯಾಗಿ ನಿಂತಿರುವ ಬುರುಜು. 2021ರಲ್ಲಿ ಈ ಗಡಿಸಾಲಿನ ಪಶ್ಚಿಮ ಭಾಗ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಒಂದು ದಿನ ಹೆಚ್ಚಿಗೆ ಇದ್ದರೆ ವಿಯೆನ್ನಾದಿಂದ ಸುಮಾರು 40 ಕಿ.ಮೀ. ಪೂರ್ವಕ್ಕಿರುವ ಕಾರ್ನುಂಟುಮ್‌ಗೆ ಹೋಗಿ. ಚಕ್ರವರ್ತಿ ಮಾರ್ಕಸ್ ಆರೇಲಿಯಸ್ ಯುದ್ಧಕಾಲದಲ್ಲಿ ಬೀಡುಬಿಟ್ಟಿದ್ದ ಊರು.

ಮೆಲ್ಕ್ ಮಠಕ್ಕೆ ಅರ್ಧ ದಿನ ಇಡಿ. ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ಅಲ್ಲಿ ನೆಲೆಸಿದ್ದು 1089ರಲ್ಲಿ. ಈಗ ಕಾಣುವ, ಬರೋಕ್ ಎಂಬ ಆಡಂಬರದ ಶೈಲಿಯ ಹಳದಿ ಕಟ್ಟಡವನ್ನು 1702ರಲ್ಲಿ ವಾಸ್ತುಶಿಲ್ಪಿ ಯಾಕೋಬ್ ಪ್ರಾಂಡ್‌ಟೌವರ್ ಶುರು ಮಾಡಿದ್ದು, ಮುಗಿದದ್ದು 1736ರಲ್ಲಿ. ಗ್ರಂಥಾಲಯವನ್ನು ಅವಸರದಲ್ಲಿ ದಾಟಬೇಡಿ.

ಮೌಟ್‌ಹೌಸನ್ ಊರಿನ ಮೇಲಿನ ಗುಡ್ಡದಲ್ಲಿ ನಾಜಿಗಳು 1938ರಿಂದ 1945ರವರೆಗೆ ನಡೆಸಿದ ಸೆರೆಶಿಬಿರವಿದೆ. ಸುಮಾರು 1,90,000 ಜನರನ್ನು ಅಲ್ಲಿಗೂ ಅದರ ಉಪಶಿಬಿರಗಳಿಗೂ ತಂದರು, ಕನಿಷ್ಠ 90,000 ಜನ ಸತ್ತರು. ಕಲ್ಲುಗಣಿಯಿಂದ ಕೈದಿಗಳು ಬಂಡೆ ಹೊತ್ತು ಹತ್ತುತ್ತಿದ್ದ 186 ಮೆಟ್ಟಿಲುಗಳೂ ಇವೆ. ಪ್ರವೇಶ ಉಚಿತ. ಏರು ಕಡಿದಾಗಿದೆ, ಸೈಕಲನ್ನು ಕೆಳಗೇ ಬಿಟ್ಟು ಟ್ಯಾಕ್ಸಿಯಲ್ಲಿ ಹೋಗುವುದು ಒಳ್ಳೆಯದು. ಅದನ್ನು ನೋಡಿದ ದಿನ ಬೇರೇನೂ ಇಟ್ಟುಕೊಳ್ಳಬೇಡಿ.

ವಾಖಾವ್‌ನ ಎಡದಂಡೆಯ ವಿಲ್ಲೆನ್‌ಡಾರ್ಫ್‌ನಲ್ಲಿ 1908ರಲ್ಲಿ, ರೈಲುಮಾರ್ಗ ಹಾಕುವ ಕಾಲದ ಉತ್ಖನನದಲ್ಲಿ, 11 ಸೆಂ.ಮೀ. ಎತ್ತರದ ಸುಣ್ಣಕಲ್ಲಿನ ಹೆಣ್ಣುಪ್ರತಿಮೆ ಸಿಕ್ಕಿತು. ಸುಮಾರು 30,000 ವರ್ಷ ಹಳೆಯದು. ಊರಿನಲ್ಲಿರುವುದು ನಕಲು, ಮೂಲ ವಿಯೆನ್ನಾದ ನಿಸರ್ಗ ಇತಿಹಾಸ ಸಂಗ್ರಹಾಲಯದಲ್ಲಿದೆ. ಆದ್ದರಿಂದ ಊರನ್ನು ಬಿಟ್ಟರೂ ನಷ್ಟವಿಲ್ಲ. ಡ್ಯೂರ್ನ್‌ಸ್ಟೈನ್ ಕೋಟೆ ಪಾಳುಬಿದ್ದಿದೆ, ಅರ್ಧ ಗಂಟೆ ಹತ್ತಬೇಕು. ಮೂರನೇ ಕ್ರುಸೇಡ್ ಎಂಬ ಕ್ರೈಸ್ತ ಧರ್ಮಯುದ್ಧದಿಂದ ಮರಳುತ್ತಿದ್ದ ಇಂಗ್ಲೆಂಡಿನ ದೊರೆ ರಿಚರ್ಡ್‌ನನ್ನು 1192ರ ಡಿಸೆಂಬರ್‌ನಲ್ಲಿ ಹಿಡಿದು ಇಲ್ಲಿ ಸೆರೆಯಿಟ್ಟಿದ್ದರು. ಮೇಲೆ ಉಳಿದಿರುವುದು ಗೋಡೆಗಳು ಮತ್ತು ಗಾಳಿ. ಮಂಡಿ ಗಟ್ಟಿಯಿದ್ದರೆ ಹತ್ತಿ. ಅದಕ್ಕಿಂತ ನಮಗೆ ಇಷ್ಟವಾಗುವುದು ಗ್ರೈನ್ ಪುರಭವನದೊಳಗಿರುವ 1791ರ ಪುಟ್ಟ ರಂಗಮಂದಿರ. ಟುಲ್ನ್‌ಗೆ ಮುಂಚೆ ಸಿಗುವ ಝ್ವೆಂಟನ್‌ಡಾರ್ಫ್ ಅಣುಸ್ಥಾವರವನ್ನೂ ಚರಿತ್ರೆ ಎಂದೇ ಎಣಿಸಬಹುದು: ಕಟ್ಟಿ ಮುಗಿಸಿದ ಮೇಲೆ 1978ರ ಜನಮತದಲ್ಲಿ ಕೂದಲೆಳೆಯ ಅಂತರದಿಂದ ಬೇಡವೆಂದಾಗಿ, ಒಂದು ದಿನವೂ ಓಡಲಿಲ್ಲ.

ಪ್ರಶ್ನೆ: ಒಂಬತ್ತು ಮತ್ತು ಆರು ವರ್ಷದ ಮಕ್ಕಳಿದ್ದಾರೆ. ಕಾನೂನು ಏನು ಹೇಳುತ್ತದೆ? (ಮ್ಯೂನಿಕ್‌ನಲ್ಲಿರುವ ಕನ್ನಡಿಗರು)

ಆಸ್ಟ್ರಿಯಾದಲ್ಲಿ 12 ತುಂಬದವರಿಗೆ ಹೆಲ್ಮೆಟ್ ಕಡ್ಡಾಯ. 12 ತುಂಬದ ಮಗು ಸೈಕಲ್ ಓಡಿಸುವಾಗ ಜೊತೆಯಲ್ಲಿ 16 ದಾಟಿದವರು ಇರಬೇಕು, ಮಗು ಸೈಕಲ್ ಪರೀಕ್ಷೆ ಪಾಸಾಗಿದ್ದರೆ ಮಾತ್ರ ವಿನಾಯಿತಿ. ಆರು ವರ್ಷದ ಮಗು ದಿನಕ್ಕೆ 25 ಕಿ.ಮೀ. ದಾಟಿದರೆ ಹಟ ಮಾಡುತ್ತದೆ, ನಿಮ್ಮ ಸೈಕಲ್‌ಗೆ ಜೋಡಿಸುವ ಅರ್ಧ ಸೈಕಲ್ ಬಾಡಿಗೆಗೆ ಕೇಳಿ. ದುಂಡಗಿನ ನೀಲಿ ಫಲಕವಿದ್ದರೆ ಸೈಕಲ್ ದಾರಿಯನ್ನೇ ಬಳಸಬೇಕು, ಚೌಕದ್ದಾದರೆ ನಿಮ್ಮ ಇಷ್ಟ. ಊರಿನಿಂದ ಬಂದ ಅಜ್ಜ ಅಜ್ಜಿ ಜೊತೆಗಿದ್ದರೆ ಅವರ ಮೇಲೆಯೇ ಹೆಚ್ಚು ಕಣ್ಣಿಡಿ: ಬಲಗಡೆ ಓಡಿಸುವ ದೇಶದಲ್ಲಿ, ಊಟ ಮುಗಿಸಿ ಮತ್ತೆ ಹೊರಡುವಾಗ ಅಭ್ಯಾಸಬಲದಿಂದ ಎಡಕ್ಕೆ ಹೋಗುವವರು ಅವರೇ. ವೈನ್ ತೋಟಗಳಲ್ಲಿ ಕುಡಿಯುವ ದೊಡ್ಡವರಿಗೆ ಒಂದು ಮಾತು, ಸೈಕಲ್ ಸವಾರರಿಗೂ ರಕ್ತದಲ್ಲಿನ ಮದ್ಯಸಾರಕ್ಕೆ 0.8 ಪ್ರಮಿಲ್, ಅಂದರೆ ಸಾವಿರಕ್ಕೆ 0.8 ಪಾಲಿನ ಮಿತಿ ಇದೆ.

ಪ್ರಶ್ನೆ: ವೀಸಾ ಯಾವ ದೇಶದ್ದು, ಸಾಮಾನು ಯಾರು ಹೊರುತ್ತಾರೆ, ವಾಪಸ್ ಬರುವುದು ಹೇಗೆ? (ಮಂಡ್ಯ)

ಎರಡೂ ದೇಶಕ್ಕೆ ಷೆಂಗೆನ್ ವೀಸಾ ಒಂದೇ ಸಾಕು. ಹೆಚ್ಚು ರಾತ್ರಿ ಎಲ್ಲಿ ಕಳೆಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಿ. ಮಗನ ಮನೆಯಲ್ಲಿ ಒಂದು ತಿಂಗಳು ಇರುವವರಿಗೆ ಅದು ಜರ್ಮನಿಯೇ. ದೊಡ್ಡವರಿಗೆ ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ, ದಾರಿಯಲ್ಲಿ ಗಡಿ ದಾಟುತ್ತೀರಿ.

ಮ್ಯೂನಿಕ್‌ನಿಂದ ಪಸ್ಸಾವ್‌ಗೆ ಬಯರ್ನ್ ಟಿಕೆಟ್ (ಬವೇರಿಯಾ ರಾಜ್ಯದ ಲೋಕಲ್ ರೈಲುಗಳ ಒಂದು ದಿನದ ಟಿಕೆಟ್) ನಡೆಯುತ್ತದೆ, ವಾರದ ದಿನಗಳಲ್ಲಿ ಬೆಳಗ್ಗೆ 9ರ ಮೇಲೆ. ಸೈಕಲ್‌ಗೆ ಬೇರೆ ಟಿಕೆಟ್. ಸ್ವಂತ ಸೈಕಲ್ ಇಲ್ಲದಿದ್ದರೆ ಪಸ್ಸಾವ್‌ನಲ್ಲಿ ಬಾಡಿಗೆಗೆ ಪಡೆದು ವಿಯೆನ್ನಾದಲ್ಲಿ ಬಿಟ್ಟುಬರುವ ಏರ್ಪಾಟು ಇದೆ, ಅದನ್ನೇ ಮಾಡಿ. ತಂಗುವ ಮನೆಯಿಂದ ಮುಂದಿನ ತಂಗುವ ಮನೆಗೆ ದೊಡ್ಡ ಚೀಲ ವ್ಯಾನಿನಲ್ಲಿ ಸಾಗಿಸುವವರೂ ಇದ್ದಾರೆ. ಬೆಳಗ್ಗೆ ಹೇಳಿದ ಹೊತ್ತಿಗೆ ಚೀಲ ಬಾಗಿಲ ಬಳಿ ಇಡಬೇಕು, ಪ್ರತಿ ಚೀಲಕ್ಕೂ ತೂಕದ ಮಿತಿ ಇರುತ್ತದೆ. ಮಾತ್ರೆ, ಮಳೆಕೋಟು, ಪಾಸ್‌ಪೋರ್ಟನ್ನು ಆ ಚೀಲಕ್ಕೆ ಹಾಕಿ ಕಳಿಸಬೇಡಿ. ತಾವೇ ಹೊರುವವರು ಕ್ಯಾರಿಯರ್‌ನ ಎರಡೂ ಬದಿಗೆ ಸಮತೂಕವಾಗಿ ಚೀಲ ನೇತುಹಾಕಲಿ. ಬೆನ್ನಿಗೆ ಹಾಕಿಕೊಂಡರೆ ಆ ಭಾರವೂ ಸೀಟಿನ ಮೇಲೇ ಬೀಳುತ್ತದೆ.

ವಿಯೆನ್ನಾದಿಂದ ಪಸ್ಸಾವ್‌ಗೆ ವೇಗದ ರೈಲಿನಲ್ಲಿ ಮೂರು ಗಂಟೆಯೊಳಗಿನ ದಾರಿ. ಸೈಕಲ್ ಜೊತೆಗಿದ್ದರೆ ದೂರದ ರೈಲುಗಳಲ್ಲಿ ಅದಕ್ಕೂ ಸೀಟು ಕಾದಿರಿಸಬೇಕು, ಬೇಸಿಗೆಯಲ್ಲಿ ಬೇಗ ತುಂಬುತ್ತದೆ. ಸಿಗದಿದ್ದರೆ ಲಿಂಜ್‌ನಲ್ಲೋ ವೆಲ್ಸ್‌ನಲ್ಲೋ ಬದಲಿಸುತ್ತ ಲೋಕಲ್ ರೈಲುಗಳಲ್ಲಿ ಬನ್ನಿ. ಅವುಗಳಲ್ಲಿ ಜಾಗವಿದ್ದಷ್ಟು ಸೈಕಲ್ ಹತ್ತಿಸುತ್ತಾರೆ, ಭಾನುವಾರ ಸಂಜೆ ಮಾತ್ರ ಪ್ರಯತ್ನಿಸಬೇಡಿ.